ಕೈತಪ್ಪನ್ನು ತಡೆಯುವ ಕನ್ನಡಕ

ಕರಿಹಲಗೆಯ ಮೇಲೆ ಬರೆದ ಲೆಕ್ಕವನ್ನು ನೋಟ್‌ಪುಸ್ತಕಕ್ಕೆ ಇಳಿಸಿಕೊಳ್ಳುವಾಗ 4738 ಎಂಬ ಸಂಖ್ಯೆ 4378 ಆಗಿಬಿಡುವುದುಂಟು. ಹಾಗೆ ಬರೆದ ಹುಡುಗನಿಗೆ ಅಂಕೆ ಗುರುತಿಸಲು ಬಾರದೆಂದಲ್ಲ, ಲೆಕ್ಕದ ಕ್ರಮ ತಿಳಿಯದೆಂದೂ ಅಲ್ಲ. ಕಣ್ಣು ಹಲಗೆಯನ್ನು ಬಿಟ್ಟು ಪುಸ್ತಕಕ್ಕೆ ಇಳಿಯುವಷ್ಟರಲ್ಲಿ ಆ ನಾಲ್ಕು ಅಂಕೆಗಳನ್ನು ಮನಸ್ಸು ಹೊತ್ತು ತರಬೇಕು. ಆ ಒಂದೆರಡು ಕ್ಷಣಗಳಲ್ಲಿ ಪಕ್ಕದವನು ಪೆನ್ಸಿಲ್ ಕೇಳಿದರೂ ಸಾಕು, ಹೊತ್ತದ್ದು ಅದಲುಬದಲಾಗುತ್ತದೆ. ಮುಂದಿನ ಕ್ರಮವೆಲ್ಲ ಸರಿಯಾಗಿದ್ದರೂ ಉತ್ತರ ತಪ್ಪುತ್ತದೆ.

ಇಂಥದೇ ತಪ್ಪು ಕಾರ್ಖಾನೆಯಲ್ಲಿ ನಡೆದರೆ ಏನಾಗುತ್ತದೆ, ಅದನ್ನು ತಡೆಯಲು ಎಂಜಿನಿಯರುಗಳು ಯಾವ ಉಪಾಯ ಹೂಡಿದ್ದಾರೆ ಎಂಬುದನ್ನು ನಾವು ಈ ಪಾಠದಲ್ಲಿ ವಿಚಾರಿಸೋಣ. ಹೊಸೂರಿನ ಮಕ್ಕಳಾದ ನಮಗೆ ಕಾರ್ಖಾನೆ ಹೊಸದಲ್ಲ. ಮೋಟಾರ್ ಸೈಕಲ್, ಲಾರಿ, ಕೈಗಡಿಯಾರ, ಇವೆಲ್ಲ ನಮ್ಮೂರಿನ ಆಸುಪಾಸಿನಲ್ಲೇ ತಯಾರಾಗುತ್ತವೆ. ನಿಮ್ಮಲ್ಲಿ ಅನೇಕರ ತಂದೆ, ತಾಯಿ ಅಥವಾ ಅಣ್ಣ ಷಿಫ್ಟಿಗೆ ಹೋಗಿ ಬರುವವರೇ. ಬಿಡಿಭಾಗಗಳನ್ನು ಒಂದೊಂದಾಗಿ ಸೇರಿಸಿ ಇಡೀ ಯಂತ್ರವನ್ನಾಗಿ ಮಾಡುವ ಕೆಲಸಕ್ಕೆ ಜೋಡಣೆ ಎನ್ನುತ್ತೇವೆ. ಲೈನಿನಲ್ಲಿ ನಿಂತು ದುಡಿಯುವವರು ಇದನ್ನು ಅಸೆಂಬ್ಲಿ ಎಂದೇ ಕರೆಯುತ್ತಾರೆ. ಯಂತ್ರಮಾನವರು ಬಂದಿದ್ದರೂ ಈ ಕೆಲಸದ ಬಹುಪಾಲನ್ನು ಇಂದಿಗೂ ಮನುಷ್ಯರ ಕೈಗಳೇ ಮಾಡುತ್ತವೆ. ಇಕ್ಕಟ್ಟಿನಲ್ಲಿ ಬೆರಳು ತೂರಿಸಿ ಒಂದು ತಂತಿಯನ್ನು ಸಿಕ್ಕಿಸುವ ಚಾತುರ್ಯ ಯಂತ್ರಕ್ಕೆ ಸುಲಭವಾಗಿ ಬರುವುದಿಲ್ಲ.

ಕೈ ಇದ್ದಲ್ಲಿ ಕೈತಪ್ಪೂ ಇರುತ್ತದೆ. ಅದರ ಬೆಲೆ ಎಷ್ಟೆಂಬುದಕ್ಕೆ ಒಂದು ಘಟನೆಯನ್ನು ಹೇಳುತ್ತೇವೆ. 1990ರ ಜೂನ್ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಲಾಗಾಕ್ಕೆ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ಸುಮಾರು 17,300 ಅಡಿ ಎತ್ತರಕ್ಕೆ ಏರಿತ್ತು. ಆಗ ಚಾಲಕರ ಕೋಣೆಯ ಮುಂದಿನ ಗಾಜುಗಳಲ್ಲಿ ಒಂದು ಕಿತ್ತುಹೋಯಿತು. ಒಳಗಿನ ಗಾಳಿ ಹೊರಕ್ಕೆ ನುಗ್ಗಿದ ರಭಸಕ್ಕೆ ಕ್ಯಾಪ್ಟನ್ನರ ಸೊಂಟದವರೆಗಿನ ದೇಹ ಕಿಟಕಿಯಿಂದ ಹೊರಗೆ ಎಳೆಯಲ್ಪಟ್ಟಿತು. ಸಿಬ್ಬಂದಿ ಅವರ ಕಾಲುಗಳನ್ನು ಬಿಗಿಯಾಗಿ ಹಿಡಿದುಕೊಂಡರು, ಸಹಚಾಲಕರು ವಿಮಾನವನ್ನು ಸೌತಾಂಪ್ಟನ್ನಿನಲ್ಲಿ ಇಳಿಸಿದರು. ಕ್ಯಾಪ್ಟನ್ನರೂ ಬದುಕಿದರು, ಪ್ರಯಾಣಿಕರೆಲ್ಲರೂ ಬದುಕಿದರು.

ವಿಚಾರಣೆಯಲ್ಲಿ ತಿಳಿದುಬಂದ ಕಾರಣ ಬಹಳ ಸಣ್ಣದು. ಆ ಗಾಜನ್ನು ಹಾರಾಟಕ್ಕೆ ಸ್ವಲ್ಪ ಮೊದಲಷ್ಟೆ, ರಾತ್ರಿ ಪಾಳಿಯ ಕೊನೆಯ ಜಾವದಲ್ಲಿ ಬದಲಾಯಿಸಲಾಗಿತ್ತು. ಅದನ್ನು ಹಿಡಿದಿಡುವ ಬೋಲ್ಟುಗಳು 90. ಅವುಗಳಲ್ಲಿ 84 ಬೋಲ್ಟುಗಳ ದಪ್ಪ ಇರಬೇಕಾದುದಕ್ಕಿಂತ ಸುಮಾರು 0.66 ಮಿಲಿಮೀಟರ್ ಕಡಿಮೆ, ಉಳಿದ 6 ಬೋಲ್ಟುಗಳ ಉದ್ದ ಕಡಿಮೆ. ಕೆಲಸ ಮಾಡಿದವರು ಹೊಸಬರಲ್ಲ, ಒಳ್ಳೆಯ ಹೆಸರಿದ್ದ ಅನುಭವಿ. ಬೆಳಕು ಸಾಲದ ಜಾಗದಲ್ಲಿ ಹಳೆಯ ಬೋಲ್ಟನ್ನು ಕೈಯಲ್ಲಿ ಹಿಡಿದು, ಅದಕ್ಕೆ ಹೊಂದುವ ಹೊಸದನ್ನು ಕಣ್ಣಳತೆಯಿಂದಲೇ ಆರಿಸಿದ್ದರು. ಭಾಗಗಳ ಪಟ್ಟಿಯಲ್ಲಿ ಸರಿಯಾದ ನಂಬರು ಇತ್ತು, ಆದರೆ ಪಟ್ಟಿ ಅವರ ಕಣ್ಣಮುಂದೆ ಇರಲಿಲ್ಲ.

ಮನುಷ್ಯರ ತಪ್ಪುಗಳನ್ನು ಕುರಿತು ದೀರ್ಘಕಾಲ ಅಭ್ಯಾಸ ಮಾಡಿದ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ 1990ರಲ್ಲಿ ‘ಹ್ಯೂಮನ್ ಎರರ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಅವರ ವಿಂಗಡಣೆಯನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು. ಮಾಡಬೇಕಾದದ್ದು ಸರಿಯಾಗಿ ತಿಳಿದಿದ್ದೂ ಕೈ ಬೇರೆಯದನ್ನು ಮಾಡುವುದು ಒಂದು. ನಡುವೆ ಒಂದು ಹೆಜ್ಜೆಯನ್ನು ಮರೆಯುವುದು ಇನ್ನೊಂದು. ಮಾಡಬೇಕಾದದ್ದನ್ನೇ ತಪ್ಪಾಗಿ ತಿಳಿದಿರುವುದು ಮತ್ತೊಂದು. ಮೊದಲ ಎರಡರಲ್ಲಿ ದೋಷ ತಿಳಿವಳಿಕೆಯದಲ್ಲ, ಗಮನದ್ದು. “ಇನ್ನು ಮೇಲೆ ಹುಷಾರಾಗಿ ಮಾಡು” ಎಂದು ಗದರಿಸಿದರೆ ಗಮನ ಹೆಚ್ಚುವುದು ಅರ್ಧ ಗಂಟೆ ಮಾತ್ರ ಎಂಬುದು ಮೇಲ್ವಿಚಾರಕರಿಗೂ ಗೊತ್ತು, ನಮ್ಮಂಥ ಮೇಷ್ಟರುಗಳಿಗೂ ಗೊತ್ತು.

ಈ ಸತ್ಯವನ್ನು ಮೊದಲೇ ಮನಗಂಡು ಉಪಾಯ ಮಾಡಿದವರಲ್ಲಿ ಜಪಾನಿನ ಶಿಗಿಯೊ ಶಿಂಗೊ ಎಂಬ ಎಂಜಿನಿಯರ್ ಮುಖ್ಯರು. 1961ರಲ್ಲಿ ಯಮಾಡ ಎಲೆಕ್ಟ್ರಿಕ್ ಎಂಬ ಕಾರ್ಖಾನೆಗೆ ಅವರು ಹೋದಾಗ ಅಲ್ಲಿ ಒಂದು ಸಣ್ಣ ಸ್ವಿಚ್ಚಿನ ಸಮಸ್ಯೆ ಇತ್ತು. ಸ್ವಿಚ್ಚಿಗೆ ಎರಡು ಗುಂಡಿ, ಗುಂಡಿಗೊಂದರಂತೆ ಕೆಳಗೆ ಎರಡು ಸ್ಪ್ರಿಂಗು. ಕೆಲಸಗಾರರು ಒಮ್ಮೊಮ್ಮೆ ಒಂದು ಸ್ಪ್ರಿಂಗನ್ನು ಇಡಲು ಮರೆಯುತ್ತಿದ್ದರು. ಶಿಂಗೊ ಹೇಳಿಕೊಟ್ಟದ್ದು ಇಷ್ಟೇ: ಮೊದಲು ಡಬ್ಬಿಯಿಂದ ಎರಡು ಸ್ಪ್ರಿಂಗುಗಳನ್ನು ತೆಗೆದು ಒಂದು ಪುಟ್ಟ ತಟ್ಟೆಯಲ್ಲಿಡಿ, ಆಮೇಲೆ ಜೋಡಿಸಿ. ಕೆಲಸ ಮುಗಿದ ಮೇಲೆ ತಟ್ಟೆಯಲ್ಲಿ ಒಂದು ಉಳಿದಿದ್ದರೆ ಮರೆತದ್ದು ಆಗಲೇ ತಿಳಿಯುತ್ತದೆ. ಮನಸ್ಸು ಹೊರಬೇಕಾಗಿದ್ದ ಎಣಿಕೆಯನ್ನು ತಟ್ಟೆ ಹೊತ್ತಿತು.

ಇಂಥ ಉಪಾಯಗಳಿಗೆ ಮೊದಲು ‘ಬಾಕಾ ಯೋಕೆ’ ಎಂಬ ಹೆಸರಿತ್ತು. ‘ಮೂರ್ಖರಿಂದ ಆಗುವ ಕೇಡನ್ನು ತಡೆಯುವುದು’ ಎಂದು ಅದರ ಭಾವ. 1963ರಲ್ಲಿ ಒಂದು ಮೋಟಾರು ಕಾರ್ಖಾನೆಯಲ್ಲಿ ಈ ಮಾತನ್ನು ಕೇಳಿದ ಕೆಲಸಗಾರ್ತಿಯೊಬ್ಬಳು “ನಾನೇನು ಮೂರ್ಖಳೇ?” ಎಂದು ಅತ್ತುಬಿಟ್ಟಳಂತೆ. ಅಂದಿನಿಂದ ಶಿಂಗೊ ಆ ಹೆಸರನ್ನು ಬಿಟ್ಟು ‘ಪೋಕಾ ಯೋಕೆ’ ಎಂದು ಕರೆದರು. ಪೋಕಾ ಎಂದರೆ ಅರಿಯದೆ ಆಗುವ ಕೈತಪ್ಪು. ಒಂದು ಅಕ್ಷರದ ಬದಲಾವಣೆಯಾದರೂ ಇದು ದೊಡ್ಡದೆಂದು ನಮ್ಮ ಭಾವನೆ.

ಎರಡು ಸ್ಪ್ರಿಂಗುಗಳಿಗೆ ತಟ್ಟೆ ಸಾಕು. ಆದರೆ ಸಾವಿರಾರು ಭಾಗಗಳಿರುವಲ್ಲಿ ಏನು ಮಾಡಬೇಕು? ವಿಮಾನದ ತಂತಿಗಳನ್ನೇ ನೋಡಿರಿ. ಒಂದು ಬೋಯಿಂಗ್ 747-400 ವಿಮಾನದೊಳಗೆ ಇರುವ ತಂತಿಯ ಒಟ್ಟು ಉದ್ದ ಸುಮಾರು 274 ಕಿಲೋಮೀಟರ್. ಈ ತಂತಿಗಳನ್ನು ಒಂದೊಂದಾಗಿ ವಿಮಾನದೊಳಗೆ ಎಳೆಯುವುದಿಲ್ಲ. ಜಡೆ ಹೆಣೆದಂತೆ ಮೊದಲೇ ಕಟ್ಟುಗಳಾಗಿ ಮಾಡಿ ಒಳಗೆ ಕೂರಿಸುತ್ತಾರೆ. ಕಟ್ಟಿಗೆ ಹಾರ್ನೆಸ್ ಎಂದು ಹೆಸರು. ಅದನ್ನು ಕಟ್ಟಲು ಪ್ಲೈವುಡ್ಡಿನ ಉದ್ದನೆಯ ಹಲಗೆ, ಹಲಗೆಯ ಮೇಲೆ ಅಂಟಿಸಿದ ನಕ್ಷೆ, ನಕ್ಷೆಗೆ ತಕ್ಕಂತೆ ನೆಟ್ಟ ಗೂಟಗಳು. ಪಟ್ಟಿಯಲ್ಲಿ ತಂತಿಯ ನಂಬರು ಓದುವುದು, ತಂತಿಯನ್ನು ಹುಡುಕುವುದು, ಗೂಟಗಳ ನಡುವೆ ಎಳೆದು ತುದಿಯನ್ನು ಸರಿಯಾದ ರಂಧ್ರಕ್ಕೆ ಸೇರಿಸುವುದು, ಮತ್ತೆ ಪಟ್ಟಿಗೆ ಮರಳುವುದು. ಪ್ರತಿ ಸಲವೂ ಕಣ್ಣು ಕಾಗದಕ್ಕೂ ಹಲಗೆಗೂ ನಡುವೆ ಓಡಾಡಬೇಕು. ಕಟ್ಟು ಬೇರೆಯಾದರೆ ಹಲಗೆಯೂ ಬೇರೆ. ನಕ್ಷೆ ಸ್ವಲ್ಪ ಬದಲಾದರೂ ಹಲಗೆಯನ್ನು ತಿದ್ದಬೇಕು.

1990ರ ಸುಮಾರಿಗೆ ಅಮೆರಿಕದ ಬೋಯಿಂಗ್ ಕಂಪನಿಯಲ್ಲಿದ್ದ ಟಾಮ್ ಕಾಡೆಲ್ ಮತ್ತು ಡೇವಿಡ್ ಮೈಜೆಲ್ ಎಂಬ ಇಬ್ಬರು ಸಂಶೋಧಕರು ಇದಕ್ಕೊಂದು ದಾರಿ ಯೋಚಿಸಿದರು. ಹಲಗೆ ಖಾಲಿಯಾಗಿಯೇ ಇರಲಿ. ಕೆಲಸಗಾರನು ಒಂದು ಬಗೆಯ ಕನ್ನಡಕವನ್ನು ಧರಿಸಲಿ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬ ಗೆರೆ ಆ ಕನ್ನಡಕದ ಮೂಲಕ ಹಲಗೆಯ ಮೇಲೆಯೇ ಬಿದ್ದಂತೆ ಕಾಣಲಿ. ಈ ಉಪಾಯಕ್ಕೆ ಅವರು ‘ಆಗ್ಮೆಂಟೆಡ್ ರಿಯಾಲಿಟಿ’ ಎಂದು ಹೆಸರಿಟ್ಟು 1992ರಲ್ಲಿ ಒಂದು ಪ್ರಬಂಧವನ್ನು ಮಂಡಿಸಿದರು. ಕನ್ನಡದಲ್ಲಿ ಇದನ್ನು ವರ್ಧಿತ ವಾಸ್ತವ ಎನ್ನುತ್ತಾರೆ. ಕಣ್ಣಿಗೆ ಕಾಣುವ ನಿಜವಾದ ವಸ್ತುವಿನ ಮೇಲೆ ಕಂಪ್ಯೂಟರ್ ಬರೆದ ಗೆರೆ, ಬಾಣ, ಅಕ್ಷರಗಳನ್ನು ಸೇರಿಸಿ ತೋರಿಸುವುದು ಎಂದು ತಿಳಿದರೆ ಸಾಕು. ಕಣ್ಣು ಮುಚ್ಚುವಂಥ ಪೆಟ್ಟಿಗೆ ಧರಿಸಿ ಆಟದ ಲೋಕದೊಳಗೆ ಹೋಗುವುದು ಬೇರೆ, ಇದು ಬೇರೆ. ಇಲ್ಲಿ ಎದುರಿನ ಹಲಗೆ, ನಟ್ಟು, ಬೋಲ್ಟು ಎಲ್ಲವೂ ನಿಜ.

ಇದು ಹೇಗೆ ಸಾಧ್ಯವೆಂದು ಕೇಳುವಿರಾ? ಸಂಜೆ ದೀಪ ಹಚ್ಚಿದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಾಗ ಗಾಜಿನಲ್ಲಿ ನಿಮ್ಮ ಮುಖವೂ ಕಾಣುತ್ತದೆ, ಅದರ ಹಿಂದೆ ಓಡುವ ಮರಗಳೂ ಕಾಣುತ್ತವೆ. ಗಾಜು ಹೊರಗಿನ ಬೆಳಕನ್ನು ಒಳಕ್ಕೆ ಬಿಡುತ್ತದೆ, ಒಳಗಿನ ಬೆಳಕಿನಲ್ಲಿ ಸ್ವಲ್ಪವನ್ನು ಪ್ರತಿಫಲಿಸುತ್ತದೆ. ಈ ಕನ್ನಡಕಗಳ ಮೂಲತತ್ತ್ವವೂ ಅದೇ. ಕಣ್ಣಿನ ಮುಂದೆ ಅರ್ಧ ಪಾರದರ್ಶಕವಾದ ಒಂದು ಗಾಜು, ಪಕ್ಕದಲ್ಲಿ ಚಿತ್ರ ಮೂಡಿಸುವ ಒಂದು ಪುಟ್ಟ ಪರದೆ. ಪರದೆಯ ಗೆರೆ ಗಾಜಿನಲ್ಲಿ ಪ್ರತಿಫಲಿಸಿ ಎದುರಿನ ದೃಶ್ಯದೊಡನೆ ಬೆರೆಯುತ್ತದೆ. ಇಂಥ ಮೊದಲ ಸಾಧನವನ್ನು 1968ರಲ್ಲೇ ಅಮೆರಿಕದ ಐವಾನ್ ಸದರ್ಲೆಂಡ್ ತಯಾರಿಸಿ ತೋರಿಸಿದ್ದರು. ಅದು ಎಷ್ಟು ಭಾರವಾಗಿತ್ತೆಂದರೆ ಚಾವಣಿಯಿಂದ ತೂಗುಹಾಕಬೇಕಾಗಿತ್ತು!

ಬೆರೆಸುವುದು ಸುಲಭ, ಸರಿಯಾದ ಜಾಗದಲ್ಲಿ ಬೆರೆಸುವುದು ಕಷ್ಟ. ನೀವು ತಲೆಯನ್ನು ಎಡಕ್ಕೆ ತಿರುಗಿಸಿದರೆ ಹಲಗೆಯ ಮೇಲಿನ ಗೂಟ ನಿಮ್ಮ ನೋಟದಲ್ಲಿ ಬಲಕ್ಕೆ ಸರಿಯುತ್ತದೆ. ಅದಕ್ಕೆ ಅಂಟಿದಂತೆ ಕಾಣಬೇಕಾದ ಗೆರೆಯೂ ಆ ಕ್ಷಣವೇ ಅಷ್ಟೇ ದೂರ ಸರಿಯಬೇಕು. ಆದ್ದರಿಂದ ತಲೆ ಎಲ್ಲಿದೆ, ಯಾವ ಕಡೆಗೆ ಎಷ್ಟು ವಾಲಿದೆ ಎಂಬುದನ್ನು ಯಂತ್ರ ಎಡೆಬಿಡದೆ ಅಳೆಯುತ್ತಿರಬೇಕು. ಇದಕ್ಕೆ ಆರು ಅಳತೆಗಳು ಬೇಕು: ಉದ್ದ, ಅಗಲ, ಎತ್ತರಗಳಲ್ಲಿ ಇರುವ ಸ್ಥಾನ ಮೂರು; ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಮತ್ತು ಹೆಗಲಿನತ್ತ ವಾಲುವ ಕೋನ ಮೂರು. ಸಾಧನದಲ್ಲಿರುವ ಕ್ಯಾಮೆರಾ ಎದುರಿನ ಗುರುತುಗಳನ್ನು ನೋಡಿ ಈ ಆರನ್ನು ಲೆಕ್ಕ ಹಾಕುತ್ತದೆ. ಒಂಬತ್ತು, ಹತ್ತನೆಯ ತರಗತಿಗಳಲ್ಲಿ ನೀವು ಕಲಿಯುವ ನಿರ್ದೇಶಾಂಕ ರೇಖಾಗಣಿತ, ತ್ರಿಕೋನಮಿತಿಗಳೇ ಈ ಲೆಕ್ಕದ ಅಡಿಪಾಯ. ಲೆಕ್ಕ ತಡವಾದರೆ ಗೆರೆ ಪಕ್ಕದ ಗೂಟದ ಮೇಲೆ ಬೀಳುತ್ತದೆ. ಆಗ ತಪ್ಪನ್ನು ತಡೆಯಬೇಕಾದ ಕನ್ನಡಕವೇ ತಪ್ಪನ್ನು ಮಾಡಿಸುತ್ತದೆ. ಬೋಯಿಂಗಿನ ಆ ಉಪಾಯ ಕಾರ್ಖಾನೆಯ ನಿತ್ಯದ ಕೆಲಸಕ್ಕೆ ಒದಗಲು ಬಹಳ ವರ್ಷ ಕಾಯಬೇಕಾದದ್ದಕ್ಕೆ ಇಂಥ ತೊಡಕುಗಳೇ ಕಾರಣ.

ಇದರಿಂದ ನಿಜವಾಗಿ ಪ್ರಯೋಜನವಿದೆಯೇ ಎಂದು ಪರೀಕ್ಷಿಸಿದ ಒಂದು ಪ್ರಯೋಗ ನಮಗೆ ಬಹಳ ಹಿಡಿಸಿತು. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದವರು 2003ರಲ್ಲಿ ಅದನ್ನು ಪ್ರಕಟಿಸಿದರು. ಯಂತ್ರಭಾಗಗಳ ಬದಲಿಗೆ ಅವರು ಬಳಸಿದ್ದು ಚಿಕ್ಕ ಮಕ್ಕಳು ಆಡುವ ಬಣ್ಣದ ಡ್ಯೂಪ್ಲೋ ಇಟ್ಟಿಗೆಗಳನ್ನು. ಒಂದು ಗುಂಪಿನವರಿಗೆ ಅಚ್ಚಾದ ಪುಸ್ತಕ ನೋಡಿ ಜೋಡಿಸಲು ಹೇಳಿದರು. ಎರಡನೆಯ ಗುಂಪಿಗೆ ಕಂಪ್ಯೂಟರ್ ಪರದೆಯ ಮೇಲೆ, ಮೂರನೆಯ ಗುಂಪಿಗೆ ತಲೆಗೆ ಕಟ್ಟಿದ ಪುಟ್ಟ ಪರದೆಯ ಮೇಲೆ ಸೂಚನೆ ತೋರಿಸಿದರು. ನಾಲ್ಕನೆಯ ಗುಂಪಿಗೆ ಮಾತ್ರ ಮುಂದಿನ ಇಟ್ಟಿಗೆಯ ಚಿತ್ರ ಅದನ್ನು ಇಡಬೇಕಾದ ಜಾಗದಲ್ಲೇ ಮೂಡಿ ಕಾಣುತ್ತಿತ್ತು. ಹೀಗೆ ಕೆಲಸದ ಮೇಲೆಯೇ ಸೂಚನೆ ಮೂಡಿದಾಗ ತಪ್ಪುಗಳು ಶೇಕಡಾ 82ರಷ್ಟು ಇಳಿದವು.

ಅದರಲ್ಲೂ ಹೆಚ್ಚಾಗಿ ಇಳಿದದ್ದು ಒಂದರಿಂದ ಒಂದು ಹುಟ್ಟುವ ತಪ್ಪುಗಳು. ಇದನ್ನು ನಮ್ಮ ಹೆಣ್ಣುಮಕ್ಕಳು ಚೆನ್ನಾಗಿ ಬಲ್ಲರು. ಚುಕ್ಕಿ ರಂಗೋಲಿಯಲ್ಲಿ ಮೂರನೆಯ ಸಾಲಿನ ಒಂದು ಚುಕ್ಕಿ ಪಕ್ಕಕ್ಕೆ ಸರಿದರೆ ಅದನ್ನು ನೋಡಿಕೊಂಡು ಇಟ್ಟ ಮುಂದಿನ ಸಾಲುಗಳೆಲ್ಲ ಸರಿಯುತ್ತವೆ, ಕೊನೆಗೆ ಎಳೆ ಕೂಡುವುದಿಲ್ಲ. ರಂಗೋಲಿಯನ್ನು ಅಳಿಸಿ ಮತ್ತೆ ಹಾಕಬಹುದು. ಮೇಲುಕಟ್ಟು ಬಂದ ಮೇಲೆ ಎಂಜಿನ್ನಿನ ಒಳಭಾಗದ ತಪ್ಪನ್ನು ತಿದ್ದಬೇಕಾದರೆ ಎಲ್ಲವನ್ನೂ ಬಿಚ್ಚಬೇಕು. ಬಿಚ್ಚದೆ ಹಾಗೇ ಬಿಟ್ಟರೆ ಅದು ಕಾರ್ಖಾನೆಯ ಗೇಟು ದಾಟಿ ರಸ್ತೆಗೋ ಆಕಾಶಕ್ಕೋ ಹೋಗುತ್ತದೆ.

ಜೋಡಣೆಯಷ್ಟೇ ಅಲ್ಲ, ಜೋಡಿಸಿದ್ದನ್ನು ಪರೀಕ್ಷಿಸಲೂ ಈ ವಿದ್ಯೆ ಒದಗಿದೆ. ಯುರೋಪಿನ ಏರ್‌ಬಸ್ ಕಂಪನಿಯ ಎ380 ಎಂಬ ಮಹಾವಿಮಾನದ ಒಡಲಿನಲ್ಲಿ ಕೊಳವೆ, ತಂತಿಗಳನ್ನು ಹಿಡಿದಿಡುವ ಬ್ರಾಕೆಟ್ಟುಗಳೇ 60,000ದಿಂದ 80,000. ಪ್ರತಿಯೊಂದೂ ಇದ್ದಲ್ಲಿ ಇದೆಯೇ ಎಂದು ನಕ್ಷೆ ಹಿಡಿದು ನೋಡಲು ಮೂರು ವಾರ ಹಿಡಿಯುತ್ತಿತ್ತು. ಕ್ಯಾಮೆರಾ ಇರುವ ಒಂದು ಹಲಗೆಯಂಥ ಕಂಪ್ಯೂಟರನ್ನು ಎದುರಿಗೆ ಹಿಡಿದು, ಇರಬೇಕಾದ ಬ್ರಾಕೆಟ್ಟಿನ ಚಿತ್ರವನ್ನು ಇರುವ ಬ್ರಾಕೆಟ್ಟಿನ ಮೇಲೆ ಹೊಂದಿಸಿ ನೋಡತೊಡಗಿದ ಮೇಲೆ ಅದು ಮೂರು ದಿನಕ್ಕೆ ಇಳಿಯಿತೆಂದು ಕಂಪನಿ ಹೇಳಿತು. ಬೋಯಿಂಗಿನವರೂ ತಂತಿಕಟ್ಟುಗಳ ಕೆಲಸಕ್ಕೆ ಗೂಗಲ್ ಗ್ಲಾಸ್ ಎಂಬ ಹಗುರವಾದ ಕನ್ನಡಕವನ್ನು ಬಳಸಿ ನೋಡಿ, ಕಾಲು ಭಾಗ ಸಮಯ ಉಳಿಯಿತೆಂದು ವರದಿ ಮಾಡಿದರು. ಅದು ಗೆರೆಯನ್ನು ಹಲಗೆಯ ಮೇಲೆ ಕೂರಿಸುತ್ತಿರಲಿಲ್ಲ, ಕಣ್ಣಿನ ಅಂಚಿನಲ್ಲಿ ಸೂಚನೆಯನ್ನು ತೋರಿಸುತ್ತಿತ್ತು, ಅಷ್ಟೆ. ಕೈಯಿಂದ ತಂತಿ ಬಿಡದೆ, ಕಾಗದದ ಕಡೆ ತಿರುಗದೆ ಮುಂದಿನ ನಂಬರು ಕಂಡರೆ ಸಾಕು ಎಂಬುದು ಇದರಿಂದ ತಿಳಿಯುತ್ತದೆ. ಆ ಕನ್ನಡಕದ ಮಾರಾಟ 2023ರಲ್ಲಿ ನಿಂತುಹೋಯಿತು. ಸಾಧನಗಳು ಹೀಗೆ ಬರುತ್ತವೆ, ಹೋಗುತ್ತವೆ. ಕೆಲವೆಡೆ ಕನ್ನಡಕವೇ ಇಲ್ಲದೆ, ಮೇಲಿನಿಂದ ಲೇಸರ್ ಬೆಳಕಿನ ಗೆರೆಯನ್ನು ನೇರವಾಗಿ ಕೆಲಸದ ಮೇಲೆ ಬೀಳಿಸುವುದೂ ಇದೆ. ಎಂಟು ಗಂಟೆ ತಲೆಯ ಮೇಲೆ ಭಾರ ಹೊರುವುದಕ್ಕಿಂತ ಇದೇ ಲೇಸೆಂದು ಹೇಳುವ ಕೆಲಸಗಾರರಿದ್ದರೆ ಆಶ್ಚರ್ಯವಿಲ್ಲ.

ಇಷ್ಟು ಹೊಗಳಿದ ಮೇಲೆ ಇದರ ಮಿತಿಯನ್ನೂ ಹೇಳಬೇಕು. ಕನ್ನಡಕ ತೋರಿಸುವುದು ನಕ್ಷೆಯನ್ನು. ನಕ್ಷೆಯೇ ತಪ್ಪಾಗಿದ್ದರೆ? ಇದಕ್ಕೆ ಉದಾಹರಣೆಯಾಗಿ ಅದೇ ಎ380 ವಿಮಾನದ ಕತೆಯಿದೆ. ಅದರ ತಂತಿಗಳ ಉದ್ದ 500 ಕಿಲೋಮೀಟರಿಗೂ ಹೆಚ್ಚು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಕಟ್ಟಿದ ತಂತಿಕಟ್ಟುಗಳನ್ನು ಫ್ರಾನ್ಸಿನ ತುಲೂಸಿನಲ್ಲಿ ವಿಮಾನದೊಳಗೆ ಕೂರಿಸಲು ಹೋದಾಗ ಅವು ಹೊಂದಲಿಲ್ಲ, ಉದ್ದ ಸಾಲಲಿಲ್ಲ. ಎರಡು ಕಡೆಯವರೂ ನಕ್ಷೆ ಬರೆಯಲು ಒಂದೇ ಹೆಸರಿನ ಕಂಪ್ಯೂಟರ್ ಕಾರ್ಯಕ್ರಮವನ್ನು ಬಳಸಿದ್ದರು. ಆದರೆ ಒಬ್ಬರದು ಹಳೆಯ ಆವೃತ್ತಿ, ಇನ್ನೊಬ್ಬರದು ಹೊಸದು. ತಂತಿ ಕಟ್ಟಿದ ಕೈಗಳು ತಮ್ಮ ಮುಂದಿದ್ದ ನಕ್ಷೆಯನ್ನು ನಿಷ್ಠೆಯಿಂದ ಅನುಸರಿಸಿದ್ದವು. 2006ರಲ್ಲಿ ಈ ತೊಡಕು ಬಹಿರಂಗವಾಯಿತು. ಮೊದಲ ವಿಮಾನ ಸಿಂಗಾಪುರ್ ಏರ್‌ಲೈನ್ಸಿಗೆ ಸೇರಿದ್ದು 2007ರ ಅಕ್ಟೋಬರಿನಲ್ಲಿ, ಸುಮಾರು ಎರಡು ವರ್ಷ ತಡವಾಗಿ. ಅಂಥ ನಕ್ಷೆಯನ್ನು ಎಷ್ಟೇ ಒಳ್ಳೆಯ ಕನ್ನಡಕದಲ್ಲಿ ತೋರಿಸಿದರೂ ತಂತಿ ಉದ್ದವಾಗುತ್ತಿರಲಿಲ್ಲ. ರೀಸನ್ ಹೇಳಿದ ಮೂರನೆಯ ಬಗೆಯ ತಪ್ಪು ಇದು.

ಇನ್ನೊಂದು ಅಪಾಯವನ್ನು ಇಟ್ಟಿಗೆಯ ಪ್ರಯೋಗ ಮಾಡಿದವರೇ ಎತ್ತಿ ಹೇಳಿದ್ದಾರೆ. ಬಾಣ ತೋರಿಸಿದ ಕಡೆಗೇ ಕಣ್ಣು ನೆಟ್ಟುಹೋಗಿ ಸುತ್ತಲಿನದು ಮರೆಯಾಗಬಹುದು. ಹಸಿರು ಗೆರೆ ಬಿದ್ದ ರಂಧ್ರಕ್ಕೆ ಬೋಲ್ಟು ಹಾಕುವಾಗ ಪಕ್ಕದ ಕೊಳವೆಯಲ್ಲಿ ಬಿರುಕಿದ್ದರೆ ಅದು ಗೆರೆಯಲ್ಲಿ ಇರುವುದಿಲ್ಲ. ಬೋಲ್ಟನ್ನು ಬಿಗಿಯುವಾಗ ಎಳೆ ಸರಿಯಾಗಿ ಕೂತಿಲ್ಲವೆಂದು ಅಂಗೈಗೆ ತಿಳಿಯುವ ಒಂದು ಬಗೆಯ ಅಲುಗಾಟವಿದೆ. ಹದಿನೈದು ಇಪ್ಪತ್ತು ವರ್ಷ ದುಡಿದ ಫಿಟ್ಟರುಗಳನ್ನು ಕೇಳಿರಿ, ಅದನ್ನು ಮಾತಿನಲ್ಲಿ ಹೇಳಲು ತಡಕಾಡಿದರೂ ಕೈಯಲ್ಲಿ ತೋರಿಸಿಕೊಡುತ್ತಾರೆ. ಈ ತಿಳಿವಳಿಕೆ ಇನ್ನೂ ಯಾವ ನಕ್ಷೆಯಲ್ಲೂ ಬಂದಿಲ್ಲ. ಹೊಸಬರಿಗೆ ಬಾಣ ತೋರಿಸಿ ಬೇಗ ಕೆಲಸ ಮಾಡಿಸಬಹುದೆಂದು ಇಂಥ ಅನುಭವಿಗಳನ್ನು ಕಡೆಗಣಿಸುವ ಕಾರ್ಖಾನೆ ಲಾಭಕ್ಕಿಂತ ನಷ್ಟವನ್ನೇ ಹೆಚ್ಚು ಕಾಣುವುದೆಂದು ನಾವು ನಂಬುತ್ತೇವೆ. ಕನ್ನಡಕದ ಕ್ಯಾಮೆರಾ ಬೋಲ್ಟನ್ನು ನೋಡುವಂತೆಯೇ ಬೋಲ್ಟು ಹಿಡಿದ ಕೈಯನ್ನೂ ನೋಡುತ್ತದೆ. ಯಾರು ಎಷ್ಟು ಹೊತ್ತು ನಿಂತರು, ಎಷ್ಟು ನಿಧಾನ ಮಾಡಿದರು ಎಂಬ ಲೆಕ್ಕ ಇಡಲೂ ಅದನ್ನು ಬಳಸಬಹುದು. ಹಾಗೆ ಬಳಸಿದರೆ ಕೆಲಸಗಾರರು ಅದನ್ನು ಸಂತೋಷದಿಂದ ಧರಿಸಲಾರರು.

ಕೊನೆಗೆ, ಬೇಸಿಗೆ ರಜೆಯಲ್ಲಿ ಮಾಡಿ ನೋಡಬಹುದಾದ ಒಂದು ಪ್ರಯೋಗ. ಕನ್ನಡಕವಾಗಲಿ ಕಂಪ್ಯೂಟರಾಗಲಿ ಬೇಡ. ಮೂರು ಹಲಗೆಗಳನ್ನು ತೆಗೆದುಕೊಂಡು ಪ್ರತಿಯೊಂದಕ್ಕೂ ಐದು ಸಾಲುಗಳಲ್ಲಿ ಇಪ್ಪತ್ತೈದು ಮೊಳೆಗಳನ್ನು ಅರ್ಧ ಹೊಡೆಯಿರಿ. ಕೆಂಪು, ಹಳದಿ, ನೀಲಿ ನೂಲುಗಳು ಯಾವ ಮೊಳೆಯಿಂದ ಯಾವ ಮೊಳೆಗೆ ಹೋಗಬೇಕೆಂದು ಮೂರು ನಕ್ಷೆಗಳನ್ನು ಬರೆಯಿರಿ. ಮೂರೂ ಒಂದೇ ಆದರೆ ಬಾಯಿಪಾಠವಾಗಿಬಿಡುತ್ತದೆ; ಬೇರೆ ಬೇರೆ ಇರಲಿ, ಆದರೆ ಸಮನಾಗಿ ಕಷ್ಟವಾಗಿರಲಿ. ಮೊದಲನೆಯ ನಕ್ಷೆಯನ್ನು ಪಕ್ಕದ ಕೋಣೆಯ ಗೋಡೆಗೆ ಅಂಟಿಸಿ. ಎರಡನೆಯದನ್ನು ಹಲಗೆಯ ಪಕ್ಕದಲ್ಲೇ ಇಡಿ. ಮೂರನೆಯ ನಕ್ಷೆಯ ಗೆರೆಗಳನ್ನು ಹಲಗೆಯ ಮೇಲೆಯೇ ಬಣ್ಣದ ಸೀಮೆಸುಣ್ಣದಿಂದ ಎಳೆಯಿರಿ. ಒಬ್ಬೊಬ್ಬರೂ ಮೂರು ಹಲಗೆಗಳಿಗೂ ನೂಲು ಸುತ್ತಲಿ. ಯಾವ ಹಲಗೆಯನ್ನು ಮೊದಲು ಮಾಡಬೇಕೆಂಬುದನ್ನು ಆಳಿಗೊಂದರಂತೆ ಬದಲಾಯಿಸಿರಿ. ಇಲ್ಲವಾದರೆ ಕೊನೆಯ ಹಲಗೆಗೆ ಬರುವಷ್ಟರಲ್ಲಿ ಕೈ ಪಳಗಿ ಲೆಕ್ಕ ಕೆಡುತ್ತದೆ. ಮನೆಯಲ್ಲಿ ಅಪ್ಪನೋ ಅಮ್ಮನೋ ಲೈನಿನಲ್ಲಿ ಕೆಲಸ ಮಾಡುವವರಾಗಿದ್ದರೆ ಅವರನ್ನೂ ಕೂಡಿಸಿಕೊಳ್ಳಿ, ಅವರ ಕೈವೇಗ ನೋಡುವಂತಿರುತ್ತದೆ. ತಪ್ಪುಗಳ ಸಂಖ್ಯೆ, ಹಿಡಿದ ನಿಮಿಷ ಎರಡನ್ನೂ ಬರೆದಿಟ್ಟು, ಶಾಲೆ ತೆರೆದ ಮೇಲೆ ವಿಜ್ಞಾನ ಸಂಘದ ಮೊದಲ ಸಭೆಗೆ ತನ್ನಿರಿ.